ಏಳು ಇಪ್ಪತ್ತರ ಶಾಲು

ಕೈಗಡಿಯಾರ ನೋಡದೆ ಅಳಬಲ್ಲವರ ಬಗ್ಗೆ ನನಗೆ ಗೌರವವಿದೆ. ನಾನು ಆ ಗುಂಪಿನವನಲ್ಲ. ರೈಲ್ವೆಯಲ್ಲಿ ಮೂವತ್ತೈದು ವರ್ಷ ವೇಳಾಪಟ್ಟಿ ಬರೆದವನಿಗೆ ದುಃಖವೂ ಹೊತ್ತಿಗೆ ಸರಿಯಾಗಿ ಬಂದು ಹೊತ್ತಿಗೆ ಸರಿಯಾಗಿ ಹೊರಡಬೇಕು. ಅದಕ್ಕೇ ಚೆನ್ನೈನ ವೆಸ್ಟ್ ಮಾಂಬಲಂನ ನಮ್ಮ ಕನ್ನಡ ಸಂಘ ಅಮೆರಿಕದ ಹಳೆಯ ದುರಂತ ನಾಟಕವೊಂದನ್ನು ಆಡಲು ಹೊರಟಾಗ, ಕಾರ್ಯಕ್ರಮದ ಉಸ್ತುವಾರಿ ಎಂದಿನಂತೆ ನನ್ನದಾಯಿತು. ನಿವೃತ್ತಿಯ ನಂತರ ನನಗೆ ಉಳಿದಿದ್ದ ಹುದ್ದೆ ಅದೊಂದೇ. ಕಳೆದ ವರ್ಷ ಭಾಷಣಕಾರರೊಬ್ಬರ ಮೈಕನ್ನು ನಡುವೆಯೇ ಆರಿಸಿದ್ದರಿಂದ ಸಮಿತಿ ಆಗಲೇ ನನ್ನ ಮೇಲೆ ಕಣ್ಣಿಟ್ಟಿತ್ತು. ಇನ್ನೊಂದು ಎಡವಟ್ಟಾದರೆ ಅದೂ ಹೋಗುವುದಿತ್ತು.

ದುಡಿದರೆ ಮೇಲೆ ಬಂದೇ ಬರುತ್ತೇವೆಂದು ನಂಬಿದ ಅಪ್ಪನನ್ನು ಕಂಪನಿ ಹೊರಗೆ ಹಾಕುತ್ತದೆ, ಮನೆ ಒಡೆಯುತ್ತದೆ, ಇದು ಕಥೆ. ಅಪ್ಪನ ಪಾತ್ರ ಬ್ಯಾಂಕಿನಿಂದ ನಿವೃತ್ತರಾದ ರಾಮಮೂರ್ತಿಗಳದು. ಪಾಪ, ತಪ್ಪದೆ ಪೆನ್ಷನ್ ಬರುವ ಆ ಮುಖಕ್ಕೆ ಹತಾಶೆ ತರಿಸಲು ಎರಡು ತಿಂಗಳು ಹಿಡಿಯಿತು.

ನಮ್ಮ ಸಂಘದಲ್ಲಿ ಸನ್ಮಾನವನ್ನು ಕೊನೆಗೆ ಇಟ್ಟುಕೊಳ್ಳುವಂತಿಲ್ಲ. ಪರದೆ ಬಿದ್ದರೆ ಜನ ಕೆಳಮಹಡಿಯ ಬಿಸಿಬೇಳೆ ಭಾತಿಗೆ ಧಾವಿಸುತ್ತಾರೆ. ಹಾಗಾಗಿ ಆರಕ್ಕೆ ನಾಟಕ, ಏಳು ಇಪ್ಪತ್ತಕ್ಕೆ ವಿರಾಮ, ಆಗ ಮುಖ್ಯ ಅತಿಥಿಗಳಿಂದ ರಾಮಮೂರ್ತಿಗಳಿಗೆ ಶಾಲು ಎಂದು ಪಟ್ಟಿ ಮಾಡಿದ್ದೆ. ಅತಿಥಿಗಳು ಅರ್ಧ ಗಂಟೆ ತಡವಾಗಿ ದಯಮಾಡಿಸಿದರು. ದೀಪ ಬೆಳಗುವ ತನಕ ನಾಟಕ ಕಾಯಿತು. ನನ್ನ ಪಟ್ಟಿ ಕಾಯಲಿಲ್ಲ.

ಏಳು ಇಪ್ಪತ್ತಕ್ಕೆ ಶಾಲಿನ ತಟ್ಟೆ ಹಿಡಿದು ಎದ್ದೆ. "ರೀ, ಕೊಂಜ ಇರಿ, ಸೀನ್ ಇನ್ನೂ ಮುಗಿದಿಲ್ಲ" ಎಂದು ಹೆಂಡತಿ ತೋಳು ಹಿಡಿದಳು.

"ಪಟ್ಟಿ ಅಂದ್ರೆ ಪಟ್ಟಿ" ಎಂದು ಅತಿಥಿಗಳನ್ನು ರಂಗಕ್ಕೆ ನಡೆಸಿಕೊಂಡು ಹೋದೆ. ಮಾಲೀಕನ ಪಾತ್ರಧಾರಿ ಆಗಷ್ಟೇ "ನಾಳೆಯಿಂದ ಬರಬೇಡ" ಎಂದಿದ್ದ.

"ಸಾರ್, ಈಗ ತಾನೇ ಕೆಲಸ ಕಳ್ಕೊಂಡಿದೀನಿ!" ಎಂದು ರಾಮಮೂರ್ತಿ ಹಲ್ಲು ಕಚ್ಚಿ ಪಿಸುಗುಟ್ಟಿದರು. ಅಷ್ಟರಲ್ಲಿ ಶಾಲು ಹೆಗಲೇರಿತ್ತು.

ಸಭೆ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಲ್ಲಿ ಯಾರೋ, "ನಮ್ಮಾಫೀಸಲ್ಲೂ ಹೀಗೇ ಕಳ್ಸಿದ್ದು. ಗೋಡೆ ಗಡಿಯಾರಾನೂ ಕೊಟ್ರು, ಇವ್ರಿಗೆ ಇಲ್ವಾ?" ಎಂದರು. ಆಮೇಲೆ ರಾಮಮೂರ್ತಿ ಅತ್ತಾಗಲೆಲ್ಲ ಜನ ನಕ್ಕರು.

ಮರುವಾರ ಸಮಿತಿ ಸಭೆ. "ಸಾರ್, ನಿಮಗೂ ವಯಸ್ಸಾಯ್ತು, ಇನ್ನು ರೆಸ್ಟ್ ತಗೊಳ್ಳಿ" ಎಂದು ಕಾರ್ಯದರ್ಶಿ ನಾಗರತ್ನಮ್ಮ ನನಗೊಂದು ಶಾಲು ಹೊದಿಸಿದರು. ಅದೇ ಶಾಲು, ರಾಮಮೂರ್ತಿ ಹಿಂದಿರುಗಿಸಿದ್ದರಂತೆ. ಐದಕ್ಕೆಂದ ಸಭೆ ಐದೂವರೆಗೆ ಶುರುವಾಗಿತ್ತು. ನಾಲ್ಕು ಐವತ್ತಕ್ಕೇ ಹೋಗಿ, ಬಾಗಿಲು ತೆಗೆಸಿ, ಕುರ್ಚಿಗಳನ್ನು ಸಾಲಾಗಿ ಹಾಕಿಟ್ಟವನು ನಾನೇ.