ನಾಕ್ ಮಾಡಲು ಕಲಿತ ಎರಡು ದಿನ

ನಾನು ರಾಗಿ ಹಿಟ್ಟಿಗೆ ಜರಡಿ ಹಿಡಿದಿದ್ದಾಗ ಪಕ್ಕದ ಮನೆಯ ಸೆಲ್ವಮ್ಮ ಸುದ್ದಿ ತಂದಳು. ಹತ್ತಿರದ ಕೋರಮಂಡಲ್‌ನ ಇಂಗ್ಲಿಷ್ ಶಾಲೆಯಲ್ಲಿ ಒಂದೇ ಒಂದು ಸೀಟು ಉಳಿದಿದೆ. ನಮ್ಮ ಗೌರಿಯನ್ನೂ ಹೆತ್ತವರನ್ನೂ ನಾಳೆ ಬೆಳಿಗ್ಗೆ ದೊಡ್ಡ ಮಿಸ್ಸಮ್ಮ ನೋಡಬೇಕಂತೆ. ಯಜಮಾನರಿಗೆ ಚಿನ್ನದ ಗಣಿಯಲ್ಲಿ ಬೆಳಗಿನ ಶಿಫ್ಟು. ಹೆತ್ತವರೆಂದರೆ ನಾನೊಬ್ಬಳೇ! ಕ್ಯಾಸಂಬಳ್ಳಿ ಕಡೆಯ ಹಳ್ಳಿ ಬಿಟ್ಟು ಮಾರಿಕುಪ್ಪಂನಲ್ಲಿ ಗಣಿಯವರು ಸಾಲಾಗಿ ವಾಸಿಸುವ ಈ ಲೈನ್ ಮನೆಗೆ ಬಂದು ನನಗಿನ್ನೂ ಮೂರೇ ತಿಂಗಳು.

"ಭಯ ಬೇಡ ಮಾ," ಎಂದಳು ದೊರೆಸಾನಿಯ ಬಂಗಲೆಯಲ್ಲಿ ಕೆಲಸಕ್ಕಿದ್ದ ಸೆಲ್ವಮ್ಮ. "ಬಾಗ್ಲತ್ರ ನಿಂತ್ಕೊಂಡು ನಾಕ್ ಮಾಡ್ಬೇಕು. ಬೆರಳ ಗೆಣ್ಣಲ್ಲಿ ಮೂರು ಸಲ ತಟ್ಟೋದು. ಅವ್ರು ಕಮ್ ಇನ್ ಅಂದ್ಮೇಲೇ ಒಳಗೆ ಕಾಲಿಡೋದು."

ಈ 'ನಾಕ್' ಎಂಬ ಪದ ಹುಟ್ಟಿದ್ದೇ ಬಾಗಿಲಿನ ಸದ್ದಿನಿಂದ ಎಂದು ದೊರೆಸಾನಿ ಹೇಳಿದ್ದರಂತೆ, ನಮ್ಮ ಟಕಟಕದ ಹಾಗೆ. ಬರೆಯುವಾಗ ಮುಂದೆ ಒಂದು 'ಕ' ಇದೆಯಂತೆ. ಅವರ ಮುತ್ತಜ್ಜಂದಿರು ಅದನ್ನೂ ಸೇರಿಸಿ 'ಕ್ನಾಕ್' ಎನ್ನುತ್ತಿದ್ದರಂತೆ. ಈಗ ಯಾರೂ ಅನ್ನುವುದಿಲ್ಲ.

"ಮತ್ತೆ ಆ 'ಕ' ಏನು ಮಾಡ್ತದೆ?"

"ಸುಮ್ನೆ ಕೂತಿರ್ತದೆ ಮಾ."

ನನಗೆ ತಕ್ಷಣ ಅರ್ಥವಾಯಿತು. ನಮ್ಮ ಮಾವನವರೂ ಹಾಗೆಯೇ. ಮುಂದೆ ಜಗಲಿಯ ಮೇಲೆ ಕೂತಿರುತ್ತಾರೆ, ಮಾತಿಲ್ಲ, ಆದರೆ ತೆಗೆದುಹಾಕುವ ಹಾಗಿಲ್ಲ. ಇಂಗ್ಲಿಷ್ ಇಷ್ಟು ಸುಲಭವೆಂದು ನನಗೆ ಗೊತ್ತೇ ಇರಲಿಲ್ಲ!

ಉಳಿದದ್ದು ಅಭ್ಯಾಸ ಮಾತ್ರ. ನಮ್ಮ ಬಾಗಿಲು ತಗಡಿನದು, ಶಾಲೆಯದು ಮರದ್ದು. ಆದಕಾರಣ, ಮಧ್ಯಾಹ್ನ ಸೆಲ್ವಮ್ಮ ಬಂಗಲೆಗೆ ಹೋದ ಮೇಲೆ, ಶಾಸ್ತ್ರೋಕ್ತವಾಗಿ ಕಲಿಯುವ ಉದ್ದೇಶದಿಂದ ಹಿಂದಿನ ಸಾಲಿನ ಆರು ಮರದ ಬಾಗಿಲುಗಳನ್ನು ಒಂದೊಂದಾಗಿ ತಟ್ಟುತ್ತಾ ಹೋದೆ. ಟಕ್, ಟಕ್, ಟಕ್.

ಆರು ಬಾಗಿಲೂ ತೆರೆದವು. ಒಬ್ಬಳ ಕೈಯಲ್ಲಿ ಹಿಟ್ಟು, ಒಬ್ಬಳ ಕಂಕುಳಲ್ಲಿ ಕೂಸು. ಎಲ್ಲರ ಮುಖವೂ ಬಿಳಿಚಿತ್ತು. ಒಬ್ಬಳಂತೂ ಆಗಲೇ ಅಳುತ್ತಿದ್ದಳು.

"ಯಾರಿಗೆ ಏನಾಯ್ತು? ಹೇಳೇ!"

"ಏನೂ ಆಗಿಲ್ಲ. ನಾಕ್ ಮಾಡಿದೆ, ಅಷ್ಟೇ."

ಎಲ್ಲರಿಗಿಂತ ಹಿರಿಯಳಾದ ಮುನಿಯಮ್ಮ ಪೊರಕೆ ಎತ್ತಿಕೊಂಡೇ ಬಂದಳು. "ಈ ಲೈನಾಗೆ ಗಣಿಯೊಳಗೆ ಯಾರಿಗಾನಾ ಏನಾನಾ ಆದ್ರೇನೇ ಬಾಗ್ಲು ತಟ್ಟಾದು ಕಣಮ್ಮಿ! ಮಿಕ್ಕೋರು ಅಕ್ಕಾ ಅಂತ ಕೂಕ್ಕೊಂಡು ಬತ್ತಾರೆ. ಆರು ಜೀವ ಬಾಯಿಗೆ ತಂದ್ಯಲ್ಲೇ!"

ಆರು ಮನೆಗೂ ಹೋಗಿ ಕೈಮುಗಿದು ಬಂದೆ. ಈ ಸಲ 'ಅಕ್ಕಾ' ಎಂದು ಕೂಗಿಕೊಂಡೇ ಹೋದೆ. ಪೊರಕೆ ಮೈಗೆ ತಾಗಲಿಲ್ಲ. ಅದೊಂದು ಕೋಲಾರಮ್ಮನ ದಯೆ.

ಮರುದಿನ ಗೌರಿಯ ಕೈಹಿಡಿದು ಮಿಸ್ಸಮ್ಮನ ಕೋಣೆಯ ಮುಂದೆ ನಿಂತೆ. ಬಾಗಿಲು ಪೂರ್ತಿ ತೆರೆದಿತ್ತು! ತೆರೆದ ಬಾಗಿಲನ್ನು ತಟ್ಟುವುದು ಹೇಗೆಂದು ಸೆಲ್ವಮ್ಮ ಹೇಳಿಕೊಟ್ಟಿರಲಿಲ್ಲ. ನಾಕ್ ಮಾಡದೆ ಒಳಗೆ ಹೋದರೆ ಸೀಟು ಹೋದೀತು. ಮಿಸ್ಸಮ್ಮ ತಲೆ ತಗ್ಗಿಸಿ ಏನೋ ಬರೆಯುತ್ತಿದ್ದರು. ನಾನು ವಿನಯದಿಂದ ಬಾಗಿಲನ್ನು ಎಳೆದು ಮುಚ್ಚಿದೆ. ಆಮೇಲೆ ಮೂರು ಸಲ ತಟ್ಟಿದೆ.

"ಕಮ್ ಇನ್."

ತಳ್ಳಿದೆ. ಬಾಗಿಲು ಅಲುಗಲಿಲ್ಲ. ನನ್ನ ನಾಕ್ ಸಾಲದೇನೋ ಎಂದು ಇನ್ನೊಮ್ಮೆ ಜೋರಾಗಿ ತಟ್ಟಿದೆ.

"ಕಮ್ ಇನ್!"

ಮತ್ತೆ ತಟ್ಟಿದೆ. ಒಳಗೆ ಕುರ್ಚಿ ಸರಿದ ಸದ್ದು. ಅವರು ಒಳಗಿನಿಂದ ಎಳೆದರು, ನಾನು ಹೊರಗಿನಿಂದ ತಳ್ಳಿದೆ.

"ಅಮ್ಮಾ, ಮೇಲೆ ಚಿಲಕ ಬಿದ್ದೈತೆ," ಎಂದಳು ಗೌರಿ.

ನಾನು ಮಿಸ್ಸಮ್ಮನನ್ನು ಕೂಡಿಹಾಕಿದ್ದೆ!

ಚಿಲಕ ತೆಗೆದೆ. ಕೆಂಪು ಮುಖ, ಜಾರಿದ ಕನ್ನಡಕ. "ಬಾಗಿಲು ಯಾಕೆ ಹಾಕಿದ್ದು?" ನನ್ನ ನಾಲಿಗೆಯೂ ಆ 'ಕ'ದಂತೆ ಸುಮ್ಮನೆ ಕೂತಿತ್ತು. ಗೌರಿಯೇ ಉತ್ತರಿಸಿದಳು: "ತೆಗ್ದಿರೋ ಬಾಗ್ಲು ತಟ್ಟಕ್ಕಾಗಲ್ಲ ಮಿಸ್. ಅದುಕ್ಕೆ ಮುಚ್ಚುದ್ರು."

ಮಿಸ್ಸಮ್ಮ ನಕ್ಕರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. "ಹುಡುಗಿಗೆ ಸೀಟು ಉಂಟು. ನಾಳೆಯಿಂದ ಅವಳು ಬರಲಿ. ನೀವು ಬರುವುದು ಬೇಡ."

ಸಂಜೆಯ ಹೊತ್ತಿಗೆ ಸೆಲ್ವಮ್ಮನ ಕೃಪೆಯಿಂದ ಲೈನಿಗೆಲ್ಲ ಗೊತ್ತಾಗಿತ್ತು. ಯಜಮಾನರು ಓಣಿಯಿಂದಲೇ ಕೂಗಿದರು: "ಏನಮ್ಮೀ, ಒಳಗೆ ಬರ್ಲಾ? ಚಿಲಕ ಹಾಕ್ಬುಡ್ತೀಯಾ?" ಹಿಂದಿನ ಸಾಲಿನ ಹೆಂಗಸರು ಕಿಸಕ್ಕೆಂದರು.

ನಗಲಿ ಬಿಡಿ. ಯಜಮಾನರು ಎಂದಿನಂತೆ ಗಣಿಯಿಂದ ತಮ್ಮ ಕಾಲ ಮೇಲೆ, ಕೂಗಿಕೊಂಡು ಬಂದರು. ನಮ್ಮ ತಗಡಿನ ಬಾಗಿಲನ್ನು ಯಾರೂ ತಟ್ಟಲಿಲ್ಲ. ಕೋಲಾರಮ್ಮ ತಾಯಿಗೆ ಮನಸ್ಸಿನಲ್ಲೇ ಕೈಮುಗಿದೆ. ಎರಡು ದಿನ ಕಷ್ಟಪಟ್ಟು ಕಲಿತ ನನ್ನ ಇಂಗ್ಲಿಷನ್ನು ಅಲ್ಲಿಗೇ ಬಿಟ್ಟು, ಕುದಿಯುವ ಎಸರಿಗೆ ಹಿಟ್ಟು ಹಾಕಲು ಒಳಗೆ ಹೋದೆ.