ಬಿಡಲೊಲ್ಲದ ನಾಲ್ಕನೇ ಪ್ಲಗ್ಗು

ಆ ಶನಿವಾರ ಬೆಳಿಗ್ಗೆ ತಿಂಡಿಯ ಮೇಜನ್ನು ಗುದ್ದಿ ಘೋಷಿಸಿಬಿಟ್ಟೆ:

"ಇನ್ನು ಈ ಜನ್ಮದಲ್ಲಿ ಗ್ಯಾರೇಜಿನವನ ಮುಖ ನೋಡೋದಿಲ್ಲ! ನಮ್ಮ ಕಾರಿನ ಸ್ಪಾರ್ಕ್ ಪ್ಲಗ್ಗುಗಳನ್ನ ನಾನೇ ಬದಲಾಯಿಸ್ತೀನಿ. ಅದೂ ಎಂಥಾ ಪ್ಲಗ್ಗು ಅಂತೀಯ? ನಾನು ಸತ್ತ ಮೇಲೂ ಕಿಡಿ ಹಾರಿಸ್ತಿರಬೇಕು, ಅಂಥದ್ದು!"

ನನ್ನ ಹೆಂಡತಿ ರೋಸ್ವಿತಾ ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ, ತಲೆ ಎತ್ತದೆ ಹೇಳಿದಳು: "ನೀನು ಬದುಕಿರೋವಾಗ ಹಾರಿಸ್ತಿರೋ ಕಿಡಿ ಸಾಲದಾ, ಎಕಾರ್ಟ್?"

ಸಿಟ್ಟು ಬಾರದೆ ಇರುತ್ತದೆಯೇ? ನಮ್ಮ ಕಾರು ಒಂದು ವಾರದಿಂದ ಏರು ಕಂಡರೆ ಸಾಕು, ಆಸ್ತಮಾ ರೋಗಿಯಂತೆ ಕೆಮ್ಮುತ್ತಿತ್ತು. ಗ್ಯಾರೇಜಿಗೆ ಫೋನು ಮಾಡಿದರೆ ಆ ಮಹಾನುಭಾವ "ಪ್ಲಗ್ ಹೋಗಿರಬೇಕು, ಮುಂದಿನ ತಿಂಗಳು ತನ್ನಿ" ಎಂದ. ಮುಂದಿನ ತಿಂಗಳು! ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಅತ್ತೆಯ ಎಂಬತ್ತನೇ ಹುಟ್ಟುಹಬ್ಬದ ಕಾಫಿ. ಅತ್ತೆ ವಾಲ್‌ಬುರ್ಗಾ ಇರುವುದು ಬೆಟ್ಟದ ಮೇಲಿನ ಹಳ್ಳಿಯಲ್ಲಿ. ಅಲ್ಲಿಗೆ ಹೋಗುವ ದಾರಿಯೆಲ್ಲ ಏರೇ. ಭಾನುವಾರ ಅಲ್ಲಿಗೆ ಬಸ್ಸು ಇದೆಯೆಂದು ಹೇಳುವವರಿದ್ದಾರೆ, ಕಂಡವರು ಯಾರೂ ಇಲ್ಲ.

ಹೋದ ವರ್ಷ ಅತ್ತೆ ಆಸ್ಪತ್ರೆಯಲ್ಲಿದ್ದರು, ಹುಟ್ಟುಹಬ್ಬ ನಡೆಯಲೇ ಇಲ್ಲ. ಅದಕ್ಕೇ ಈ ಸಲ ರೋಸ್ವಿತಾ ಚೆರ್ರಿ ಹಣ್ಣಿನ ಮೂರಂತಸ್ತಿನ ಕೇಕು ಮಾಡಿದ್ದಳು. "ಮೂರು ಗಂಟೆಗೆ ನಾನು ಅಮ್ಮನ ಎದುರಿಗಿರಬೇಕು. ಅಷ್ಟು ಮಾಡ್ಕೊಡು ಸಾಕು," ಎಂದಳು. ಅದನ್ನು ಹೇಳುವಾಗ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ.

"ಮಾಡ್ಕೊಡೋದಾ? ಹಾರಿಸ್ಕೊಂಡು ಹೋಗ್ತೀನಿ!" ಎಂದು ಅಂಗಡಿಗೆ ಹೊರಟೆ.

ಅಂಗಡಿಯಲ್ಲಿ ಮೂರು ಜಾತಿಯ ಪ್ಲಗ್ಗುಗಳಿದ್ದವು: ಮಾಮೂಲಿಯದು, ಪ್ಲಾಟಿನಂನದು, ಇರಿಡಿಯಂನದು. ಇರಿಡಿಯಂನ ಡಬ್ಬಿಯ ಮೇಲೆ 'ಒಂದು ಲಕ್ಷ ಕಿಲೋಮೀಟರ್' ಎಂದು ಚಿನ್ನದ ಅಕ್ಷರಗಳಲ್ಲಿತ್ತು. ನನ್ನ ಎದೆ ಉಬ್ಬಿತು.

"ಇದನ್ನೇ ಕೊಡಿ."

ಗಲ್ಲಾದ ಹೆಂಗಸು ಕೇಳಿದಳು, "ಕಾರು ಯಾವುದು? ಎಷ್ಟು ಹಳೇದು?"

ಹೇಳಿದೆ. ಆಕೆ ಒಂದು ಕ್ಷಣ ಮೌನಾಚರಣೆ ಮಾಡಿದಳು.

"ಹಾಗಾದ್ರೆ ಮಾಮೂಲಿದೇ ಸಾಕು."

"ಯಾಕೆ? ಇದು ಜಾಸ್ತಿ ಬಾಳಿಕೆ ಬರೋದಿಲ್ವಾ?"

"ಪ್ಲಗ್ಗೇನೋ ಬರುತ್ತೆ. ಕಾರು ಬರಬೇಕಲ್ಲ!"

ಇಡೀ ಅಂಗಡಿಗೆ ಕೇಳುವಂತೆ ಗ್ರಾಹಕರ ಗೌರವದ ಬಗ್ಗೆ ಒಂದು ಭಾಷಣ ಬಿಗಿದು, ಇರಿಡಿಯಂನದನ್ನೇ ಕಿತ್ತುಕೊಂಡು ಬಂದೆ. ಆ ಸಿಟ್ಟಿನಲ್ಲಿ ಕಾರನ್ನು ಕೆಮ್ಮಿಸಿಕೊಂಡೇ ಮನೆಯವರೆಗೆ ಓಡಿಸಿ, ನಿಲ್ಲಿಸಿದವನೇ ಬಾನೆಟ್ ಎತ್ತಿದೆ. ಬಿಸಿ ಹಬೆ ಮುಖಕ್ಕೆ ಹೊಡೆಯಿತು.

ರೋಸ್ವಿತಾ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ಓದಿದಳು. "ತಣ್ಣಗಾದ ಮೇಲೆ ಬಿಚ್ಚಬೇಕು ಅಂತ ಬರ್ದಿದ್ದಾರೆ."

"ಯಾರು ತಣ್ಣಗಾಗಬೇಕು? ಇಂಜಿನ್ನಾ, ನಾನಾ?"

"ಇಬ್ಬರೂ."

ನಾನು ಕೇಳಲಿಲ್ಲ. ಮೊದಲನೆಯ ಪ್ಲಗ್ಗು ಬಂತು. ಎರಡನೆಯದು ಬಂತು. ಮೂರನೆಯದು ಸ್ವಲ್ಪ ಗೊಣಗಿ ಬಂತು. "ನೋಡಿದೆಯಾ? ಇದಕ್ಕೊಬ್ಬ ಮೆಕ್ಯಾನಿಕ್ಕು ಬೇಕಂತೆ!" ಎಂದು ಪ್ಲಗ್ಗು ಬಿಚ್ಚುವ ಪಾನಾವನ್ನು ಗಾಳಿಯಲ್ಲಿ ತಿರುಗಿಸಿ, ನಾಲ್ಕನೆಯದಕ್ಕೆ ಹಾಕಿದೆ.

ಅದು ಅಲ್ಲಾಡಲಿಲ್ಲ.

ಎರಡೂ ಕೈ ಹಾಕಿದೆ. ಕಾಲು ಬಂಪರಿಗೆ ಕೊಟ್ಟು ಎಳೆದೆ. ಪಾನಾದ ಹಿಡಿಗೆ ಕೊಳವೆ ಸಿಕ್ಕಿಸಿ ಜೋತುಬಿದ್ದೆ. ಕಾರು ಅಲುಗಿತು, ನನ್ನ ಸೊಂಟ ಅಲುಗಿತು, ಪ್ಲಗ್ಗು ಮಾತ್ರ ಧ್ಯಾನಕ್ಕೆ ಕುಳಿತ ಋಷಿ! ಈ ಹಳೆಯ ಪ್ಲಗ್ಗುಗಳೂ ಬಹುಕಾಲ ಬಾಳಿಕೆ ಬರುವ ಜಾತಿಯವೇ. ಹದಿನೈದು ವರ್ಷಗಳ ಹಿಂದೆ 'ಇನ್ನು ಮುಟ್ಟುವ ಹಾಗೇ ಇಲ್ಲ' ಎಂದು ಹಾಕಿಸಿದ್ದು. ಯಾರೂ ಮುಟ್ಟಲಿಲ್ಲ. ಮುಟ್ಟದೆ ಮುಟ್ಟದೆ ಅದು ಇಂಜಿನ್ನಿನ ಜೊತೆ ಬೆಸೆದುಕೊಂಡು, ಮನೆ ಅಳಿಯನಂತೆ ಅಲ್ಲೇ ತಳವೂರಿತ್ತು! ಬಾಳಿಕೆ ಬರುತ್ತದೆ ಎಂದು ಡಬ್ಬಿಯ ಮೇಲೆ ಅಚ್ಚು ಹಾಕುವ ಕಳ್ಳನನ್ಮಕ್ಕಳು, ಬಿಟ್ಟು ಹೋಗುವುದಿಲ್ಲ ಎಂದು ಯಾಕೆ ಹಾಕುವುದಿಲ್ಲ?

ಆ ಸಿಟ್ಟಿನಲ್ಲಿ ಕಾಲು ಝಾಡಿಸಿದೆ. ಪಕ್ಕದಲ್ಲಿದ್ದ ಎಣ್ಣೆಯ ಡಬ್ಬಿ ಉರುಳಿ ಕಾಲುದಾರಿಯ ತುಂಬಾ ಎಣ್ಣೆಯ ಕೆರೆ!

"ಈ ವಾರ ಮೆಟ್ಟಿಲು, ಬೀದಿ ಗುಡಿಸೋ ಪಾಳಿ ನಮ್ದು," ಎಂದಳು ರೋಸ್ವಿತಾ. "ಗೊತ್ತಲ್ಲ?"

ಗೊತ್ತಿಲ್ಲದೆ ಏನು! ನಮ್ಮ ಕಟ್ಟಡದಲ್ಲಿ ವಾರಕ್ಕೊಂದು ಮನೆಯವರು ಗುಡಿಸಬೇಕು. ನಮ್ಮ ಕಡೆ ಕೊಲೆ ಮಾಡಿದವನಿಗೂ ಕ್ಷಮೆ ಸಿಗಬಹುದು, ಗುಡಿಸುವ ಪಾಳಿ ತಪ್ಪಿಸಿದವನಿಗೆ ಇಲ್ಲ. ಸೋಪು, ಮರದಪುಡಿ, ಬ್ರಷ್ಷು ಹಿಡಿದು ಮಂಡಿಯೂರಿ ತಿಕ್ಕುತ್ತಾ ತಿಕ್ಕುತ್ತಾ ಶನಿವಾರದ ಬೆಳಕೆಲ್ಲ ಮುಗಿಯಿತು.

ಮರುದಿನ ಭಾನುವಾರ. ನಮ್ಮಲ್ಲಿ ಭಾನುವಾರ ಸದ್ದು ಮಾಡುವ ಹಾಗಿಲ್ಲ. ಮೊಳೆ ಹೊಡೆಯುವ ಹಾಗಿಲ್ಲ, ಹುಲ್ಲು ಕತ್ತರಿಸುವ ಹಾಗಿಲ್ಲ, ಕಾರಿನ ರಿಪೇರಿಯಂತೂ ಮಹಾಪಾಪ. 'ಭಾನುವಾರ ಶಾಂತಿ ಕಾಪಾಡಿ!' ಎಂದು ಮೆಟ್ಟಿಲ ಗೋಡೆಗೆ ಚೀಟಿ ಬೇರೆ ಇದೆ. ಅಂಟಿಸಿದವನು ಯಾರು? ನಾನೇ! ಮೂರು ಬಗೆಯ ಕೆಂಪು ಶಾಯಿಯಲ್ಲಿ!

ಆದರೆ ಮೂರು ಗಂಟೆಯ ಕಾಫಿ? ಭಾನುವಾರದ ಕೋಟು, ಟೈ ಹಾಕಿಕೊಂಡು, ಪಾನಾವನ್ನು ತೋಳಿನೊಳಗೆ ಬಚ್ಚಿಟ್ಟುಕೊಂಡು, ಸುತ್ತಿಗೆಯನ್ನು ಬೆನ್ನ ಹಿಂದೆ ಹಿಡಿದುಕೊಂಡು, ವಾಯುವಿಹಾರಕ್ಕೆ ಬಂದವನಂತೆ ಕಾರಿನ ಹತ್ತಿರ ನಿಂತೆ. ಮೇಲಿನ ಕಿಟಕಿಯಲ್ಲಿ ನಮ್ಮ ಮಹಡಿಯ ನೆರೆಯಾಕೆ ಫ್ರಾವ್ ಹೇಬರ್ಲೆ, ಅಂದರೆ ಶ್ರೀಮತಿ ಹೇಬರ್ಲೆ, ಮೊಣಕೈ ಕೆಳಗೆ ದಿಂಬು ಇಟ್ಟುಕೊಂಡು ಎಂದಿನಂತೆ ಬೀದಿಯ ಪಹರೆಗೆ ಕುಳಿತಿದ್ದರು.

"ಏನ್ ಮಾಡ್ತಿದ್ದೀರಿ, ಹೆರ್ ಕ್ನಾಪ್?"

"ಸುಮ್ನೆ ಇಂಜಿನ್ ನೋಡ್ತಿದ್ದೀನಿ. ನೋಡೋದು ಕೆಲಸ ಅಲ್ವಲ್ಲ!"

"ಆ ಕೈಯಲ್ಲಿ ಸುತ್ತಿಗೆ?"

"ಇದೂ… ನೋಡೋದಕ್ಕೇ."

"ಪಾಪ, ಕನ್ನಡಕ ಮನೇಲಿ ಬಿಟ್ಟು ಬಂದಿರಾ?"

ಹಲ್ಲು ಕಡಿದೆ. ಆಗಲೇ ನನ್ನ ತಲೆಯಲ್ಲಿ ಒಂದು ದಿವ್ಯ ಉಪಾಯ ಹೊಳೆಯಿತು. ಭಾನುವಾರ ಇಡೀ ಊರಿಗೆ ಕಿವುಡಾಗುವಷ್ಟು ಸದ್ದು ಮಾಡುವ ಹಕ್ಕು ಒಬ್ಬರಿಗಿದೆ. ಚರ್ಚಿಗೆ! ಇನ್ನೇನು ಪ್ರಾರ್ಥನೆಯ ಗಂಟೆ ಬಾರಿಸುವ ಹೊತ್ತು. ಗಂಟೆಯ ಒಂದೊಂದು ಹೊಡೆತಕ್ಕೆ ನನ್ನದೂ ಒಂದೊಂದು ಹೊಡೆತ ಸೇರಿಸಿಬಿಟ್ಟರೆ ದೇವರಿಗೂ ತಿಳಿಯುವುದಿಲ್ಲ.

ಢಣ್! ಗಂಟೆ ಹೊಡೆಯಿತು. ಟಣ್! ಪಾನಾದ ಹಿಡಿಯ ಮೇಲೆ ನಾನು ಹೊಡೆದೆ. ಢಣ್! ಟಣ್! ಢಣ್! ಟಣ್! ಎಂಥ ಜುಗಲ್‌ಬಂದಿ! ಪ್ಲಗ್ಗು ಕೂದಲೆಳೆಯಷ್ಟು ಕದಲಿದಂತಾಯಿತು. ಹುರುಪು ಹೆಚ್ಚಿತು. ಟೈ ಹೆಗಲ ಮೇಲೆ ಎಸೆದೆ, ಕೋಟಿನ ತೋಳು ಮಡಿಸಿದೆ, ಸುತ್ತಿಗೆಯನ್ನು ತಲೆಯ ಮೇಲಕ್ಕೆ ಎತ್ತಿದೆ, ಹದಿನೈದು ವರ್ಷದ ಸಿಟ್ಟನ್ನೆಲ್ಲ ಒಟ್ಟು ಮಾಡಿದೆ…

ಗಂಟೆ ನಿಂತಿತು.

ಸುತ್ತಿಗೆ ನಿಲ್ಲಲಿಲ್ಲ.

"ಟಣಾರ್!" ಎಂಬ ಸದ್ದು ನಿಶ್ಶಬ್ದವಾದ ಬೀದಿಯಲ್ಲಿ ಸಿಡಿಲಿನಂತೆ ಬಿತ್ತು. ಅದರ ಹಿಂದೆಯೇ, ತಡೆಯಲಾಗದೆ, ನನ್ನ ಗಂಟಲಿನಿಂದ: "ನಿನ್ನ ವಂಶ ನಿರ್ವಂಶ ಆಗ, ಮುಂಡೇದೇ!"

ಪ್ರಾರ್ಥನೆ ಪುಸ್ತಕ ಹಿಡಿದು ಚರ್ಚಿಗೆ ಹೊರಟಿದ್ದ ಮುದುಕ ಮುದುಕಿಯರು ಸಾಲಾಗಿ ನಿಂತುಬಿಟ್ಟರು. ಕಿಟಕಿಗಳು ಒಂದೊಂದಾಗಿ ತೆರೆದವು. ನನ್ನ ಕೈಯಲ್ಲಿ ಪಾನಾ ಇತ್ತು, ಪಾನಾದ ತುದಿಯಲ್ಲಿ ಪ್ಲಗ್ಗಿನ ಬಿಳಿ ಪಿಂಗಾಣಿಯ ಅರ್ಧ ಇತ್ತು. ಉಳಿದರ್ಧ ಇಂಜಿನ್ನಿನ ಒಳಗೇ ಇತ್ತು.

ಫ್ರಾವ್ ಹೇಬರ್ಲೆ ದಿಂಬು ಬಿಟ್ಟು ಕೆಳಗಿಳಿದು ಬಂದರು. ದೂರು, ದಂಡ, ಮಾನಭಂಗ ಎಲ್ಲ ಕಣ್ಣ ಮುಂದೆ ಹಾದುಹೋಯಿತು. ಆಕೆ ಚರ್ಚಿನ ಗಾಯನ ಮಂಡಳಿಯವರು.

"ಹೆರ್ ಕ್ನಾಪ್, ನಡುವಿನಿಂದಾನೇ ನಿಮ್ಮ ತಾಳ ತಪ್ತಿತ್ತು. ಗಂಟೆಗಿಂತ ಮುಂದೆ ಓಡ್ತಿದ್ರಿ. ಸಿಟ್ಟಿನಲ್ಲಿ ಹೊಡೆದರೆ ಹಾಗೇ ಆಗೋದು."

ಬಾಗಿಲಲ್ಲಿ ರೋಸ್ವಿತಾ ಕೇಕಿನ ಡಬ್ಬಿ ಅವುಚಿಕೊಂಡು ನಿಂತಿದ್ದಳು. ಕೂಗಾಡಿದ್ದರೆ ನಾನೂ ಕೂಗಾಡಬಹುದಿತ್ತು. ಅವಳು ಕೂಗಾಡಲಿಲ್ಲ. "ನನಗೆ ಅಮ್ಮನ್ನ ನೋಡ್ಬೇಕಿತ್ತು, ಎಕಾರ್ಟ್," ಎಂದಳಷ್ಟೆ. ಕಣ್ಣು ತುಂಬಿತ್ತು. ನನಗೆ ನನ್ನ ಮೇಲೇ ಎಷ್ಟು ಸಿಟ್ಟು ಬಂತೆಂದರೆ, ಬೈಯಲು ಒಂದು ಮಾತೂ ಸಿಗಲಿಲ್ಲ.

"ನೋಡಿ ಬನ್ನಿ ಅದಕ್ಕೇನಂತೆ," ಎಂದರು ಫ್ರಾವ್ ಹೇಬರ್ಲೆ. "ಪ್ರಾರ್ಥನೆ ಮುಗಿದ ಮೇಲೆ ನಾನೇ ಕರ್ಕೊಂಡು ಹೋಗ್ತೀನಿ. ಆದರೆ ನನ್ನ ಕಾರಿನಲ್ಲಿ ಎರಡೇ ಸೀಟು."

ಒಂದು ಸೀಟು ಆಕೆಗೆ, ಇನ್ನೊಂದು ರೋಸ್ವಿತಾಗೆ. ಕೇಕು ತೊಡೆಯ ಮೇಲೆ. ನಾನು ಬೀದಿಯಲ್ಲಿ, ಟೈ ಹೆಗಲ ಮೇಲೆ. ಕಾರು ಒಂದು ಚೂರೂ ಕೆಮ್ಮದೆ ಏರು ಹತ್ತಿ ಮರೆಯಾಯಿತು.

ಸಂಜೆಯ ಹೊತ್ತಿಗೆ ಫೋನು ಬಂತು. ಅತ್ತೆಯದು! ಹುಟ್ಟುಹಬ್ಬಕ್ಕೆ ಬಾರದ ಅಳಿಯನಿಗೆ ಮಂಗಳಾರತಿ ಕಾದಿದೆಯೆಂದು ಕಣ್ಣು ಮುಚ್ಚಿಕೊಂಡು ಎತ್ತಿದೆ.

"ಅತ್ತೆ, ಕ್ಷಮಿಸಬೇಕು. ಆ ದರಿದ್ರ ಪ್ಲಗ್ಗು…"

"ರೋಸ್ವಿತಾ ಎಲ್ಲ ಹೇಳಿದ್ಲು. ಬೇಜಾರು ಮಾಡ್ಕೋಬೇಡ. ಇಂಥಾ ಹುಟ್ಟುಹಬ್ಬ ನನ್ನ ಜನ್ಮದಲ್ಲೇ ಆಗಿರಲಿಲ್ಲ!"

"ಅಷ್ಟು ಕೆಟ್ಟದಾಯ್ತಾ?"

"ಕೆಟ್ಟದಾ? ಕಾಫಿ ಬಿಸಿ ಇರೋವಾಗ್ಲೇ ಕುಡಿದ್ವಿ. ಯಾರೂ ಮೇಜು ಗುದ್ದಲಿಲ್ಲ. ಯಾರೂ ಎದ್ದು ಹೊರಗೆ ಹೋಗಲಿಲ್ಲ. ರೋಸ್ವಿತಾ ಎಷ್ಟು ನಕ್ಕಳು ಗೊತ್ತಾ? ಅವಳು ಹಾಗೆ ನಗೋದು ನೋಡಿ ಎಷ್ಟು ವರ್ಷ ಆಗಿತ್ತೋ!"

ಅತ್ತೆಯೇ ಮುಂದುವರಿಸಿದರು, ಬಹಳ ಪ್ರೀತಿಯಿಂದ:

"ಎಕಾರ್ಟ್, ಮುಂದಿನ ವರ್ಷ ನಾನೇ ನಿನಗೊಂದು ಸೆಟ್ ಪ್ಲಗ್ಗು ಕೊಡಿಸ್ತೀನಿ. ಹುಟ್ಟುಹಬ್ಬದ ಹಿಂದಿನ ದಿನಕ್ಕೆ ಸರಿಯಾಗಿ ಬಂದು ತಲುಪೋ ಹಾಗೆ ಕಳಿಸ್ಲಾ?"