ನಾವು ಬಡವರೆಂಬುದಕ್ಕೆ ದಾಖಲೆ

ಒಂದು ಅರ್ಜಿ ಕೊಟ್ಟು ಸುಮ್ಮನೆ ಮನೆಗೆ ಬಂದ ಜನ ಇರುತ್ತಾರಂತೆ. ನಾನು ಕಂಡಿಲ್ಲ. ನಾನು ಯಾವ ಕಚೇರಿಯ ಮೆಟ್ಟಿಲು ಹತ್ತಿದರೂ ಏನಾದರೊಂದು ಆಗಿಯೇ ಆಗುತ್ತದೆ, ಅದನ್ನು ನೋಡಿ ಯಾರಾದರೂ ನಕ್ಕೇ ನಗುತ್ತಾರೆ. ಈ ಸಲ ಆಗಿದ್ದೆಲ್ಲ ಮಗಳ ಕಾಲೇಜಿನ ದೆಸೆಯಿಂದ.

ಹಳೇಬೀಡಿನಲ್ಲಿ ಹೋಳಿಗೆ ಮಾಡಿಕೊಡುವುದು ನನ್ನ ಕೆಲಸ. ಮದುವೆ, ನಾಮಕರಣ, ಗೃಹಪ್ರವೇಶ ಏನಿದ್ದರೂ ಮಾದಿಹಳ್ಳಿಯಿಂದ ಬೇಲೂರಿನವರೆಗೆ ಜನ ಹೇಳಿ ಕಳಿಸುತ್ತಾರೆ. ಮಗಳಿಗೆ ಅರಸೀಕೆರೆಯಲ್ಲಿ ನರ್ಸಿಂಗ್ ಸೀಟು ಸಿಕ್ಕಿತು. ಮೊದಲ ಕಂತು ಕಟ್ಟಿದೆ. ಎರಡನೆಯದನ್ನು ದೀಪಾವಳಿಯೊಳಗೆ ಕಟ್ಟದಿದ್ದರೆ ಹೆಸರು ತೆಗೆಯುತ್ತೇವೆ ಅಂದರು. ಹಾಸನದಲ್ಲಿ ಒಂದು ಟ್ರಸ್ಟಿನವರು ಓದುವ ಹೆಣ್ಣುಮಕ್ಕಳಿಗೆ ಫೀಸು ಕೊಡುತ್ತಾರೆ ಅನ್ನುವುದನ್ನು ಮಗಳೇ ಪತ್ತೆ ಮಾಡಿದಳು. ಅಲ್ಲಿಯವರೆಗೆ ಯಾರ ಮುಂದೆಯೂ ಕೈ ಒಡ್ಡಿದವಳಲ್ಲ ನಾನು. ಬೇಡ ಅಂದೆ. ಮೂರು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ನಾಲ್ಕನೆಯ ದಿನ ನಾನೇ ಫಾರಂ ಓದಲು ಕೂತೆ.

೧. ಆದಾಯ

ಮೊದಲು ಬೇಕಾದದ್ದು ಆದಾಯ ಪ್ರಮಾಣಪತ್ರ. ಗ್ರಾಮ ಲೆಕ್ಕಿಗರು ನನ್ನನ್ನು ಎದುರಿಗೆ ಕೂರಿಸಿಕೊಂಡು, ಏನನ್ನೂ ಕೇಳದೆ ಒಂದು ಮೊತ್ತ ಬರೆದರು. ಮೇಜಿನ ಈಚೆಯಿಂದ ತಲೆಕೆಳಗಾಗಿಯೇ ಅದನ್ನು ಓದಿಕೊಂಡೆ. ಮೈ ಉರಿಯಿತು. ವರ್ಷವೆಲ್ಲ ಒಲೆ ಮುಂದೆ ಬೇಯುವವಳ ದುಡಿಮೆ ಇಷ್ಟೇನಾ ಅಂತ ಕೇಳಿದೆ. ಒಂದೇ ಮದುವೆಗೆ ಸಾವಿರ ಹೋಳಿಗೆ ತಟ್ಟಿದ್ದನ್ನು ಹೇಳಿದೆ. ಸರಿಯಾಗಿ ಬರೀರಿ ಅಂತ ಪಟ್ಟು ಹಿಡಿದೆ. ಪಾಪ, ಆ ಮನುಷ್ಯ ಸಮಾಧಾನದಿಂದ ನಾನು ಹೇಳಿದ್ದನ್ನೆಲ್ಲ ಕೂಡಿದರು, ಹಬ್ಬದ ತಿಂಗಳ ಸಂಪಾದನೆಯನ್ನೂ ಸೇರಿಸಿದರು. ಆಮೇಲೆ ಪೆನ್ನು ಕೆಳಗಿಟ್ಟರು.

"ನೋಡ್ರಮ್ಮ, ಇದನ್ನ ಎರಡರಷ್ಟು ಮಾಡಿದ್ರೂ ನೀವು ಬಡವರೇ. ಸುಮ್ನೆ ಸೈನ್ ಹಾಕಿ."

೨. ಹೆಬ್ಬೆಟ್ಟು

ನಾನು ಶಾಲೆಗೆ ಹೋದವಳಲ್ಲ. ಹೋಳಿಗೆ ಕಟ್ಟಿಕೊಡಲು ತಂದ ಹಳೇ ಪೇಪರಿನಲ್ಲಿ ಅಕ್ಷರ ಕಲಿತವಳು. ಸಹಿ ಕೈಗೆ ಕೂರಲು ಎರಡು ವರ್ಷ ಹಿಡಿಯಿತು. ಹೆಬ್ಬೆಟ್ಟು ಒತ್ತುವುದು ತಪ್ಪಿದ ದಿನ ಬೀದಿಗೆಲ್ಲ ಹೋಳಿಗೆ ಹಂಚಿದ್ದೆ.

ಹೀಗಿರುವಾಗ, ಟ್ರಸ್ಟಿನ ದುಡ್ಡು ಬೀಳಲು ನನ್ನ ಹೆಸರಲ್ಲಿ ಖಾತೆ ಬೇಕು ಅಂತ ಬೇಲೂರಿನ ಬ್ಯಾಂಕೊಂದಕ್ಕೆ ಹೋದರೆ, ಕೌಂಟರಿನ ಹುಡುಗಿ ಒಂದು ಮಿಷನ್ ಮುಂದಿಟ್ಟು ಹೆಬ್ಬೆಟ್ಟು ಇಡಿ ಅಂದಳು. ನುಂಗಿಕೊಂಡು ಇಟ್ಟೆ. ಮಿಷನ್ ಒಪ್ಪಲಿಲ್ಲ. ಇಪ್ಪತ್ತು ವರ್ಷ ಕಾದ ಹೆಂಚಿನ ಮೇಲೆ ಹೋಳಿಗೆ ತಿರುವಿದ ಬೆರಳಲ್ಲಿ ಗೆರೆ ಎಲ್ಲಿ ಉಳಿದಿರುತ್ತದೆ? ಒರೆಸಿ ಇಡಿ ಅಂದಳು, ಒತ್ತಿ ಇಡಿ ಅಂದಳು, ಹತ್ತು ಬೆರಳೂ ಮುಗಿದವು. ಸಾಲಿನಲ್ಲಿ ನಿಂತವರೆಲ್ಲ ಒಂದೊಂದು ಉಪಾಯ ಹೇಳಿಕೊಟ್ಟರು. ಕಡೆಗೆ, ನಾನು ಚೆನ್ನಾಗಿ ಸಹಿ ಮಾಡ್ತೀನಿ, ಅದನ್ನೇ ತಗೊಳ್ಳಮ್ಮ ಅಂದೆ.

ಹುಡುಗಿ ತಲೆ ಎತ್ತಲಿಲ್ಲ. "ಸಹಿ ಯಾರು ಬೇಕಾದ್ರೂ ಹಾಕ್ತಾರೆ ಆಂಟಿ."

೩. ಹಾಜರಿ

ಇನ್ನೊಂದು ದಿನ ಹೋಗಿ, ಇನ್ನೊಂದು ಮಿಷನ್ನಿಗೆ ಕಣ್ಣು ತೋರಿಸಿ ಖಾತೆಯೇನೋ ಆಯಿತು. ಉಳಿದದ್ದು, ಮಗಳು ಇಲ್ಲಿ ಓದುತ್ತಿದ್ದಾಳೆ ಅಂತ ಕಾಲೇಜಿನವರು ಕೊಡುವ ಪತ್ರ. ಎರಡನೇ ಕಂತು ಕಟ್ಟಿದರೆ ಪತ್ರ ಕೊಡುತ್ತೇವೆ ಅಂದರು ಆಫೀಸಿನ ಗುಮಾಸ್ತರು. ಪತ್ರ ಕೊಟ್ಟರೆ ತಾನೇ ಕಂತಿನ ದುಡ್ಡು ಬರುವುದು ಅಂದೆ. ಅವರು ಅದೂ ಸರಿಯೇ ಅಂದರು. ಎರಡು ಸಲ ಅರಸೀಕೆರೆ ಬಸ್ಸು ಹತ್ತಿ ಹೋಗಿ ಇಷ್ಟನ್ನು ಒಪ್ಪಿಸಿ ಬಂದೆ, ಪತ್ರ ಬರಲಿಲ್ಲ. ಮೂರನೇ ಸಲ ಬುತ್ತಿ ಕಟ್ಟಿಕೊಂಡು ಹೋದೆ. ಮಧ್ಯಾಹ್ನ ಅವರ ಬಾಗಿಲಲ್ಲೇ ಬಿಚ್ಚಿ ಉಂಡೆ, ಅಲ್ಲೇ ಗೋಡೆಗೆ ಒರಗಿ ಒಂದು ನಿದ್ದೆಯನ್ನೂ ತೆಗೆದೆ. ಸಂಜೆ ಬೀಗ ಹಾಕಲು ನಾನು ಏಳಲೇಬೇಕಾಗಿ ಬಂದಾಗ ಪತ್ರಕ್ಕೆ ಸೀಲು ಬಿತ್ತು.

ಕೊಡುವಾಗ ಗುಮಾಸ್ತರು ಅಂದರು: "ನಿಮ್ಮ ಮಗಳಿಗಿಂತ ನಿಮ್ಮ ಹಾಜರಿನೇ ಚೆನ್ನಾಗೈತೆ ಕಣಮ್ಮ."

೪. ಮನೆ ನೋಡುವುದು

ಎಲ್ಲ ಕಳಿಸಿದ ಮೇಲೆ ಟ್ರಸ್ಟಿನಿಂದ ಫೋನು ಬಂತು. ಭಾನುವಾರ ಒಬ್ಬರು ಮನೆ ನೋಡಲು ಬರುತ್ತಾರೆ, ಅವರು ಒಪ್ಪಿದರೆ ದುಡ್ಡು, ಇಲ್ಲದಿದ್ದರೆ ಇಲ್ಲ. ದೀಪಾವಳಿಗೆ ಒಂಬತ್ತು ದಿನ ಉಳಿದಿತ್ತು.

ಎದುರು ಮನೆ ಅಜ್ಜಿಯ ಹತ್ತಿರ ಹೇಳಿದೆ, ಅಷ್ಟೇ. ಹಾಸನದಿಂದ ದೊಡ್ಡ ಮನುಷ್ಯರು ಬರುವಾಗ ಮನೆಯನ್ನು ಹಿಂಗಾ ಇಟ್ಟುಕೊಳ್ಳೋದು, ಬೀದಿ ಮಾನ ಏನಾಗಬೇಕು ಅಂತ ಅಜ್ಜಿ ತಮ್ಮ ಕುರ್ಚಿ ಕಳಿಸಿದರು. ಪಕ್ಕದ ಮನೆಯವಳು ಫ್ಯಾನು ತಂದಳು. ಮೂಲೆ ಮನೆಯಿಂದ ಗೋಡೆ ಗಡಿಯಾರ, ಹೊಸ ಜಮಖಾನ, ಒಂದು ಮಿಕ್ಸಿ ಬಂದವು. ಬೇಡ ಅನ್ನಬೇಕಾಗಿತ್ತು. ಅನ್ನಲಿಲ್ಲ. ನನ್ನ ಮನೆ ಅಷ್ಟು ಚೆನ್ನಾಗಿ ಕಂಡದ್ದು ಅದೇ ಮೊದಲು.

ಹಾಸ್ಟೆಲಿನಿಂದ ಬಂದ ಮಗಳು ಹೊಸ್ತಿಲಲ್ಲೇ ನಿಂತಳು. "ಅಮ್ಮ, ಅವರು ಬರ್ತಿರೋದು ನಮ್ಮ ಬಡತನ ನೋಡೋಕೆ."

"ಬರೆದು ಕೊಟ್ಟಿದ್ದೀವಲ್ಲ. ತೋರಿಸೋದು ಬೇರೆ ಬೇಕಾ?" ಅಂದೆ.

ಅಷ್ಟರಲ್ಲಿ ಅವರು ಬಂದೇಬಿಟ್ಟರು. ನಿವೃತ್ತ ಮೇಷ್ಟರ ಹಾಗಿದ್ದರು. ಕುರ್ಚಿಯಲ್ಲಿ ಕೂತರು, ಫ್ಯಾನಿಗೆ ಮುಖ ಒಡ್ಡಿದರು, ಗಡಿಯಾರ ನೋಡಿದರು, ಒಂದೊಂದು ಸಾಮಾನಿಗೆ ಒಂದೊಂದು ಸಾಲು ಬರೆಯತೊಡಗಿದರು. ಅಜ್ಜಿ ಫಳಫಳ ಹೊಳೆಯುವ ಲೋಟದಲ್ಲಿ ಕಾಫಿ ತಂದುಕೊಟ್ಟರು. ಮಗಳು ಗೋಡೆ ಕಡೆ ತಿರುಗಿ ನಿಂತಿದ್ದಳು. ಅವಳ ಹೆಗಲು ನಡುಗುವುದನ್ನು ನೋಡಿದ ಮೇಲೆ ನನ್ನ ಬಿಗುಮಾನ ಇಳಿಯಿತು.

"ಸಾರ್, ಇದ್ಯಾವುದೂ ನಮ್ದಲ್ಲ," ಅಂದೆ.

ಎಲ್ಲರೂ ಹಾಗೇ ಹೇಳುತ್ತಾರೆ ಅಂದು ಅವರು ಬರೆಯುತ್ತಲೇ ಇದ್ದರು.

ಬಾಗಿಲಲ್ಲಿ ನಿಂತಿದ್ದ ಹೆಂಗಸರಿಗೆ ಆಗ ವಿಷಯ ತಿಳಿಯಿತು. ಪಕ್ಕದ ಮನೆಯವಳು ಒಳಗೆ ಬಂದು, ವೈರು ಕಿತ್ತು ಫ್ಯಾನನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟಳು. ಮೂಲೆ ಮನೆಯವಳು ಗಡಿಯಾರ ಇಳಿಸಿದಳು. ಮೊಳೆಯೂ ಅವಳದೇ, ಅದನ್ನೂ ಕಿತ್ತುಕೊಂಡಳು. ಮಿಕ್ಸಿ ಹೋಯಿತು. ಜಮಖಾನ ಎಳೆಯುವಾಗ ಟ್ರಸ್ಟಿನವರು ತಾವಾಗಿಯೇ ಕಾಲು ಎತ್ತಿ ಕೊಟ್ಟರು. ಅಜ್ಜಿ ಕುರ್ಚಿಯ ಹಿಂದೆ ಬಂದು ನಿಂತಾಗ ಎದ್ದರು. ಕಾಗದವನ್ನು ಗೋಡೆಗೆ ಒತ್ತಿ ಹಿಡಿದು ಬರೆದಿದ್ದನ್ನೆಲ್ಲ ಒಂದೊಂದಾಗಿ ಹೊಡೆದುಹಾಕಿದರು. ಉಳಿದದ್ದು ಹೋಳಿಗೆ ಹೆಂಚು, ಹೂರಣ ರುಬ್ಬುವ ಒರಳು, ಮಗಳ ಪುಸ್ತಕ.

ಇಷ್ಟು ಸಾಕಮ್ಮ, ಈ ವಾರವೇ ನಿಮ್ಮ ಖಾತೆಗೆ ದುಡ್ಡು ಹಾಕ್ತೀವಿ ಅಂದರು. ಮಗಳು ಇತ್ತ ತಿರುಗಿದಳು. ಅವರು ನೆಮ್ಮದಿಯಾಗಿ ಕಾಫಿಯನ್ನು ಬಾಯಿಗೆ ಇಡುವ ಹೊತ್ತಿಗೆ, ಕುರ್ಚಿ ಹೊತ್ತು ಬಾಗಿಲು ದಾಟುತ್ತಿದ್ದ ಅಜ್ಜಿ ನಿಂತು ಹೇಳಿದರು:

"ನಿಧಾನಕ್ಕೆ ಕುಡೀರಿ ಸಾಮಿ, ಅವಸರ ಏನಿಲ್ಲ. ಲೋಟ ನಮ್ದು."